ಇಸ್ಫಹಾನಿನ ಅಚ್ಚಿನ ಅಂಗಡಿಯಲ್ಲಿ

ನಮ್ಮ ಯಜಮಾನರು ಕರಿಯಣ್ಣನವರು ಭದ್ರಾವತಿಯ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಕರಗಿದ ಕಬ್ಬಿಣ ಯಾವ ಆಕಾರಕ್ಕೆ ಬರಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತುವ ಕೆಲಸ. ನಿವೃತ್ತರಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದ ಮೇಲೂ ಒಳ್ಳೆಯ ಮರ ಕಂಡರೆ ಸವರದೆ ಮುಂದೆ ಹೋಗುವವರಲ್ಲ. ನಮ್ಮ ವಾಕಿಂಗ್ ಗೆಳೆಯರು ಇರಾನ್ ಪ್ರವಾಸಕ್ಕೆ ಹೊರಟರು. ಇಸ್ಫಹಾನಿನಲ್ಲಿ ಇವತ್ತಿಗೂ ಮರದ ಅಚ್ಚಿನಿಂದ ಬಟ್ಟೆಗೆ ಹೂಬಳ್ಳಿ ಒತ್ತುತ್ತಾರೆ ಎಂದು ಕೇಳಿದ್ದೇ ಇವರೂ ಹೆಸರು ಕೊಟ್ಟರು. ಡಾಕ್ಟರು ಬೇಡ ಎನ್ನಲಿಲ್ಲ. ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ತಿನ್ನಿಸಿ ಎಂದು ನನಗೆ ಹೇಳಿ ಕಳಿಸಿದರು.

ನಾವು ಹೋಗಿ ಇಳಿದದ್ದು ರಂಜಾನ್ ತಿಂಗಳಲ್ಲಿ. ಪ್ರವಾಸಿಗಳಿಗೆ ಹೋಟೆಲಿನಲ್ಲಿ ಎಲ್ಲ ಸಿಗುತ್ತದೆ, ಬೀದಿಯಲ್ಲಿ ಮಾತ್ರ ತಿನ್ನುವಂತಿಲ್ಲ ಎಂದು ಗೈಡ್ ನರ್ಗಿಸ್ ಮೊದಲೇ ತಿಳಿಸಿದ್ದಳು. ಮೊದಲ ದಿನ ನೀರಿಲ್ಲದ ನದಿಯ ಮೇಲಿನ ಹಳೆಯ ಸೇತುವೆ ನೋಡಿದೆವು. ಅದರ ಕಮಾನಿನ ಕೆಳಗೆ ಯಾರೋ ಮುದುಕರು ತಮ್ಮಷ್ಟಕ್ಕೆ ಹಾಡುತ್ತಿದ್ದರು. ನನ್ನ ತಲೆಯ ಸ್ಕಾರ್ಫ್ ಗಾಳಿಗೆ ಜಾರುತ್ತಿತ್ತು. ಗುರುತಿಲ್ಲದ ಹೆಂಗಸೊಬ್ಬಳು ನಿಂತು, ತನ್ನ ಪಿನ್ನನ್ನೇ ತೆಗೆದು ನನಗೆ ಹಾಕಿ, ಕೆನ್ನೆ ತಟ್ಟಿ ಹೋದಳು.

ಮರುದಿನ ಬೆಳಿಗ್ಗೆ ನಾನು ಕೆಳಗಿಳಿದು ಬರುವಷ್ಟರಲ್ಲಿ ಇವರು ಬಾಯಿ ಒರೆಸಿಕೊಂಡು ಕೂತಿದ್ದರು.

"ತಿಂಡಿ ಆಯ್ತೇನ್ರೀ? ಮಾತ್ರೆ?"

"ಎಲ್ಲಾ ಆಯ್ತು ಮಾರಾಯ್ತಿ, ನಡಿ."

ಊರ ನಡುವಿನ ದೊಡ್ಡ ಚೌಕ ನೋಡಿ ಜೊತೆಗಿದ್ದ ಮಹಾಂತಮ್ಮ ಬೆರಗಾದಳು. "ನಮ್ಮ ಗೋಪಿ ಸರ್ಕಲ್ ಇದರ ಒಂದು ಮೂಲೇಲಿ ಕಳ್ದುಹೋಗುತ್ತೆ ಕಣೇ!" ನೀಲಿ ಗುಮ್ಮಟಗಳನ್ನು ನೋಡಿದ್ದಾಯಿತು. ಉಳಿದವರೆಲ್ಲ ಅರಮನೆಯ ಮೆಟ್ಟಿಲು ಹತ್ತಲು ಹೋದರು. ಇವರಿಗೆ ಅರಮನೆ ಬೇಕಿರಲಿಲ್ಲ. ನರ್ಗಿಸ್ ನಮ್ಮಿಬ್ಬರನ್ನು ಚೌಕದ ಅಂಚಿನ ಅಚ್ಚಿನ ಅಂಗಡಿಯಲ್ಲಿ ಬಿಟ್ಟು, ಇಲ್ಲೇ ಇರಿ ಎಂದು ಹೇಳಿ ಹೋದಳು.

ಒಳಗೆ ಬಿಳಿ ಗಡ್ಡದ ಅಂಗಡಿಯವರೊಬ್ಬರೇ ಇದ್ದರು. ಅಚ್ಚನ್ನು ಬಣ್ಣಕ್ಕೆ ತಾಗಿಸಿ, ಬಟ್ಟೆಯ ಮೇಲಿಟ್ಟು, ಪಟ್ಟಿ ಸುತ್ತಿದ ಮುಷ್ಟಿಯಿಂದ ಗುದ್ದುತ್ತಿದ್ದರು. ಗುದ್ದಿದಲ್ಲೆಲ್ಲ ಹೂವು. ಇವರು ಒಂದು ಅಚ್ಚನ್ನೆತ್ತಿ ಹಿಂದುಮುಂದು ನೋಡಿ, ಮರದ ನಾರಿನ ಮೇಲೆ ಹೆಬ್ಬೆರಳು ಓಡಿಸಿದರು. ಅವರು ನಕ್ಕರು, ಇನ್ನೊಂದು ಕೊಟ್ಟರು. ಮಾತಿಲ್ಲದೆಯೇ ಇಬ್ಬರಿಗೂ ಸ್ನೇಹವಾಯಿತು.

ಆಮೇಲೆ ಇವರ ಕೈಯಿಂದ ಅಚ್ಚು ಜಾರಿ ಬಿತ್ತು. ನೋಡಿದರೆ ಹಣೆಯೆಲ್ಲ ಬೆವರು, ಬೆರಳು ನಡುಗುತ್ತಿವೆ. ಸಕ್ಕರೆ ಇಳಿದುಬಿಟ್ಟಿತ್ತು.

"ಬೆಳಿಗ್ಗೆ ಏನ್ ತಿಂದ್ರಿ? ನಿಜ ಹೇಳಿ."

"ಚಾ ಕುಡಿದೆ."

"ಬರೀ ಚಾ? ಮಾತ್ರೆ ನುಂಗಿ ಬರೀ ಚಾ?"

"ಬಡಿಸೋ ಹೆಣ್ಮಗಳು ಉಪವಾಸ ಇದ್ಲು ಕಣೆ. ಅವಳ ಎದುರಿಗೆ ಹೆಂಗ್ ತಿನ್ನೋದು?"

ಕಾರ್ಖಾನೆಯಲ್ಲಿ ಇವರ ಪಕ್ಕದ ಬೆಂಚಿನಲ್ಲಿ ಗಫಾರ್ ಸಾಹೇಬರಿದ್ದರು. ರಂಜಾನ್ ಬಂತೆಂದರೆ ಇವರು ಅವರೆದುರು ಬುತ್ತಿ ಬಿಚ್ಚುತ್ತಿರಲಿಲ್ಲ, ಮರದ ದಾಸ್ತಾನಿನ ಹಿಂದೆ ಹೋಗಿ ಉಂಡು ಬರುತ್ತಿದ್ದರು. ಆ ಅಭ್ಯಾಸದ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಈಗ ಅದೇ ಇವರ ಜೀವಕ್ಕೆ ಕುತ್ತಾಗಿ ಬಂದಿತ್ತು.

ಚೀಲದಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಿಡಿದೆ. ಇವರು ಅಂಗಡಿಯವರ ಕಡೆ ನೋಡಿ ತುಟಿ ಬಿಗಿದರು.

"ಹೊರಗೆ ಹೋಗಣ."

"ಹೊರಗೆ ಬೀದಿ ರೀ! ಅಲ್ಲಿ ಊರಿಗೂರೇ ಉಪವಾಸ!"

ಏಳಲು ಹೋಗಿ ಮತ್ತೆ ಕುಸಿದು ಕೂತರು. ಅಷ್ಟರಲ್ಲಿ ಅಂಗಡಿಯವರು ಬಾಗಿಲ ಪರದೆ ಎಳೆದರು. ಒಂದು ಲೋಟ ನೀರಿಗೆ ಸಕ್ಕರೆ ಸುರಿದು ಕದಡಿದರು, ತಟ್ಟೆಯಲ್ಲಿ ಖರ್ಜೂರ ತಂದಿಟ್ಟರು. ಸಂಜೆ ಉಪವಾಸ ಬಿಡಲು ತಮಗೇ ಇಟ್ಟುಕೊಂಡದ್ದಿರಬೇಕು. ಇವರು ಕೈ ಮುಗಿದು, ಬೇಡವೆಂದು ತಲೆಯಾಡಿಸಿದರು.

ಅವರು ಒಂದು ಗಳಿಗೆ ಇವರ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಸ್ಟೂಲನ್ನು ಎತ್ತಿಕೊಂಡು ಹೋಗಿ, ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕೂತುಬಿಟ್ಟರು.

ಇವರ ಕಣ್ಣು ತುಂಬಿತು. ಆದರೂ ಹಟ ಎಲ್ಲಿ ಹೋಗುತ್ತದೆ? ನನ್ನ ಭುಜ ಹಿಡಿದು ತಾವೂ ಎದುರು ಗೋಡೆಯ ಕಡೆ ತಿರುಗಿದರು. ಎರಡು ಬೆನ್ನುಗಳ ನಡುವೆ ನಾನು.

"ಈಗಲಾದ್ರೂ ಬಾಯಿ ತೆಗೀರಿ."

ತೆಗೆದರು. ನೀರು ಇಳಿಯಿತು. ಖರ್ಜೂರ ಒಂದೊಂದಾಗಿ ಒಳಗೆ ಹೋಯಿತು. ನಿಧಾನವಾಗಿ ಬೆವರು ಆರಿತು, ಬೆರಳಿನ ನಡುಕ ನಿಂತಿತು, ಮುಖಕ್ಕೆ ಬಣ್ಣ ಬಂತು. ನಾನು ಇವರ ಬೆನ್ನು ಸವರುತ್ತಾ ಕೂತೆ.

"ಸಾಕು. ಆಯ್ತು ಅಂತ ಅವ್ರಿಗೆ ಹೇಳೇ, ಪಾಪ."

"ಯಾವ ಭಾಷೇಲಿ ಹೇಳ್ಲಿ?"

ಮೆಲ್ಲಗೆ ಕೆಮ್ಮಿದೆ. ಅಂಗಡಿಯವರು ಕತ್ತು ಮಾತ್ರ ತಿರುಗಿಸಿದರು. ನಮ್ಮ ಮುಖ ನೋಡಲಿಲ್ಲ, ತಟ್ಟೆ ನೋಡಿದರು. ಅದರಲ್ಲಿ ಇನ್ನೂ ಎರಡು ಖರ್ಜೂರ ಉಳಿದಿದ್ದವು. ಮತ್ತೆ ಗೋಡೆಯ ಕಡೆ ತಿರುಗಿಕೊಂಡರು.

"ಏನಂತೆ?" ಎಂದರು ಇವರು, ತಮ್ಮ ಗೋಡೆಯನ್ನೇ ನೋಡುತ್ತಾ.

"ಇನ್ನೂ ಎರಡಿದ್ಯಂತೆ," ಎಂದೆ.

ಇವರು ತಿರುಗದೆಯೇ ಹಿಂದಕ್ಕೆ ಕೈ ಚಾಚಿದರು.