ಭರಣಿಯ ಒಳಗಿನ ಕೈ

ಗಂಡ ಆ ಹುಡುಗಿಯನ್ನು ನೋಡಿ ಹಲ್ಲು ಕಿರಿದಿದ್ದರೆ ಮಾಲ್ಸುನ್ ಸಹಿಸಿಕೊಳ್ಳುತ್ತಿದ್ದಳೋ ಏನೋ. ಅರವತ್ತು ದಾಟಿದ ಗಂಡಸರು ಹಲ್ಲು ಕಿರಿಯುವುದು ಲೋಕಕ್ಕೆ ಹೊಸದೇನಲ್ಲ. ಆದರೆ ದೊಕ್‌ಮಾನ್ ಅಕ್ಕಿ ಹೆಂಡದ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬಟ್ಟಲಿಗೆ ಬಗ್ಗಿಸಿದ. ತಂದೆಗೆ, ಗುರುವಿಗೆ, ಬೀಗರಿಗೆ ಹಾಗೆ ಎರಡು ಕೈ ಹಚ್ಚಿ ಬಗ್ಗಿಸುವುದುಂಟು. ಮಗಳ ವಯಸ್ಸಿನವಳಿಗೆ ಒಂದು ಕೈ ಧಾರಾಳವಾಯಿತು. ಪಾಪ, ಆ ಹುಡುಗಿಯೇ ಗಾಬರಿಯಾಗಿ ಅರ್ಧ ಎದ್ದು ನಿಂತು ಬಟ್ಟಲು ಹಿಡಿದಳು. ಮಾಲ್ಸುನ್ ಎಲೆಕೋಸಿನ ಕಿಮ್ಚಿಯ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಹುಡುಗಿಯ ಹೆಸರು ಹೇರಿನ್. ರಾಜಧಾನಿ ಸೋಲ್ ನಗರದವಳು. ದೊಕ್‌ಮಾನ್ ತಿಗರಿಯ ಮೇಲೆ ಮಾಡಿದ, ಹುಣ್ಣಿಮೆ ಚಂದ್ರನಂತೆ ದುಂಡಗಿನ ಐದು ಬಿಳಿ ಪಿಂಗಾಣಿಯ ಚಂದ್ರಭರಣಿಗಳನ್ನು ಬ್ರಸೆಲ್ಸ್‌ಗೆ ಒಯ್ದು ಪ್ರದರ್ಶನಕ್ಕಿಡುವ ಉಸ್ತುವಾರಿ ಅವಳದು. ಮುನ್‌ಗ್ಯೊಂಗ್‌ನ ಈ ಬೆಟ್ಟದ ಬುಡಕ್ಕೆ ಚಳಿಗಾಲವೆಲ್ಲ ಅವಳ ಬಿಳಿ ಕಾರು ಬಂದು ಹೋಗುತ್ತಿತ್ತು. ಬರುವಾಗ ಒಬ್ಬಳೇ. ಹೋಗುವಾಗ ಪಕ್ಕದ ಸೀಟಿನಲ್ಲಿ ದೊಕ್‌ಮಾನ್.

"ದೇಗು ಪಟ್ಟಣಕ್ಕೆ ಹೋಗ್ಬರ್ತೀನಿ, ಪ್ರದರ್ಶನದ ಕೆಲಸ ಇದೆ" ಎನ್ನುತ್ತಿದ್ದ.

"ನಿಮ್ಮ ಗಾಡಿ ಏನಾಯ್ತು?"

"ಅದರ ಕ್ಲಚ್ ಸರಿ ಇಲ್ಲ."

ಕ್ಲಚ್ಚಿಗೆ ಏನೂ ಆಗಿರಲಿಲ್ಲ. ಅದೇ ಗಾಡಿಯಲ್ಲಿ ಮಾಲ್ಸುನ್ ಪೇಟೆಗೆ ಹೋಗಿ ಎಲೆಕೋಸು ತಂದಿದ್ದಳು. ಸುಳ್ಳು ಹೇಳುವುದೇ ಆದರೆ ಹೆಂಡತಿ ಓಡಿಸದ ಗಾಡಿಯ ಮೇಲೆ ಹೇಳಬೇಕು ಎನ್ನುವಷ್ಟೂ ಬುದ್ಧಿ ಬೇಡವೇ ಮನುಷ್ಯನಿಗೆ?

ಊಟದ ಅಂಗಡಿಯ ಪಿಲ್ಸುಕ್ ಈ ಬೆಂಕಿಗೆ ದಿನಾ ಒಂದೊಂದು ಪೈನ್ ಸೌದೆ ಒಟ್ಟುತ್ತಿದ್ದಳು. "ಅಕ್ಕಾ, ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡ. ಇವತ್ತೂ ಹೋದ್ರು. ಭಾವ ತಲೆ ಬೇರೆ ಬಾಚ್ಕೊಂಡಿದ್ರು. ನಮ್ಮನೆಯೋರು ತಲೆ ಬಾಚಿದ್ದು ಮದುವೆ ದಿನ, ಅದೂ ಅವರಮ್ಮ ಬಾಚಿದ್ದು."

"ಕೆಲಸಕ್ಕೆ ಹೋಗ್ತಾರೆ ಕಣೇ."

"ಹೂಂ, ಕೆಲಸಕ್ಕೇ. ನಾನೇನು ಬೇರೆ ಅಂದ್ನಾ?"

ಮನೆಯಲ್ಲೂ ಅವನ ರೀತಿ ಬದಲಾಗಿತ್ತು. ಊಟದ ಜೋಡಿ ಕಡ್ಡಿಯಲ್ಲಿ ಹಿಡಿದು ತಿನ್ನುವುದನ್ನೆಲ್ಲ ಹಾಗೆಯೇ ಬಿಟ್ಟು, ಅನ್ನವನ್ನು ಸಾರಿಗೆ ಸುರಿದು ಚಮಚದಲ್ಲಿ ಅಷ್ಟಿಷ್ಟು ತಿಂದು ಎದ್ದುಬಿಡುತ್ತಿದ್ದ. ಪ್ರಾಣವೇ ಆಗಿದ್ದ ಹುರಿದ ಮೀನು ಆರಿ ತಣ್ಣಗಾಗುತ್ತಿತ್ತು. ಹೊರಗೆ ಹೊಟ್ಟೆ ತುಂಬಿಸಿಕೊಂಡು ಬಂದವನಿಗೆ ಮನೆಯ ಮೀನು ಎಲ್ಲಿ ರುಚಿಸೀತು ಎಂದುಕೊಂಡಳು ಮಾಲ್ಸುನ್. ಹತ್ತಿರ ಹೋಗಿ ಮಾತಾಡಿಸಿದರೆ ಬಲಗೈಯನ್ನು ಜೇಬಿಗೆ ಇಳಿಸಿ ಕಿಟಕಿಯ ಕಡೆ ತಿರುಗುತ್ತಿದ್ದ. ಜೇಬಿನಲ್ಲಿ ಫೋನಿತ್ತು. ಯಾರ ಫೋನಿಗೆ ಕಾಯುತ್ತಿದ್ದಾನೆ ಎಂದು ಬೇರೆ ಕೇಳಬೇಕೇ?

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳು. ಯಾಕೆಂದರೆ ಯಾರೂ ಕಿತ್ತುಕೊಳ್ಳಲಾಗದ ಜಾಗ ಒಂದು ಅವಳಿಗಿತ್ತು. ಅದು ಭರಣಿಯ ಒಳಗೆ.

ಚಂದ್ರಭರಣಿಯಂಥ ದೊಡ್ಡ ದುಂಡನ್ನು ತಿಗರಿಯ ಮೇಲೆ ಒಂದೇ ಸಲಕ್ಕೆ ಎತ್ತಲಾಗುವುದಿಲ್ಲ, ಜೇಡಿಮಣ್ಣು ಕುಸಿಯುತ್ತದೆ. ಎರಡು ಬೋಗುಣಿ ಮಾಡಿ, ಒಂದರ ಮೇಲೊಂದು ಕವುಚಿ, ನಡುವಿಗೆ ಬೆಸುಗೆ ಹಾಕಬೇಕು. ಬೋಗುಣಿಗಳು ದೊಕ್‌ಮಾನನವು. ಮೇಲಿನ ಬಾಯಿಯಿಂದ ತೋಳಿಳಿಸಿ ಒಳಗಿನ ಬೆಸುಗೆಯನ್ನು ಸವರಿ ಕೂಡಿಸುವ ಕೈ, ಮದುವೆಯಾದಂದಿನಿಂದ, ಮಾಲ್ಸುನಳದು. ಹೊರಗೆ ಅವನ ಹೆಸರು, ಒಳಗೆ ಅವಳ ಬೆರಳು. ಪುಸ್ತಕಗಳಲ್ಲಿ ಅವನ ಫೋಟೋ ಮಾತ್ರ ಬಂದರೂ ಅವಳಿಗೆ ಒಂದಿಷ್ಟೂ ಬೇಸರವಿರಲಿಲ್ಲ. ತಾನಿಲ್ಲದೆ ಎರಡು ಬೋಗುಣಿ ಒಂದು ಭರಣಿಯಾಗುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಭರಣಿಗಳನ್ನು ಪೆಟ್ಟಿಗೆಗೆ ತುಂಬುವ ದಿನ ಬಂತು. ಸಾಗಣೆಯವರು ಹುಲ್ಲು, ಸ್ಪಂಜು, ಮರದ ಪೆಟ್ಟಿಗೆ ಎಲ್ಲ ಇಳಿಸಿದರು. ಹೇರಿನ್ ಎಲ್ಲರಿಗೂ ಬಿಳಿ ಗ್ಲೌಸ್ ಹಂಚುತ್ತ ಬಂದಳು.

"ಅಮ್ಮಾ, ಇದನ್ನ ಹಾಕ್ಕೊಳ್ಳಿ."

"ನಾನು ಎತ್ತಿ ಆಡಿಸಿದ ಮಕ್ಕಳನ್ನ ಗ್ಲೌಸ್ ಹಾಕಿ ಮುಟ್ಟಬೇಕೇನಮ್ಮಾ?" ಎಂದು ಮಾಲ್ಸುನ್ ಅದನ್ನು ಪಕ್ಕಕ್ಕಿಟ್ಟಳು.

ಕಳಿಸುವ ಮುಂಚೆ ಪ್ರತಿ ಭರಣಿಗೂ ಒಮ್ಮೆ ಕೈ ಹಾಕಿ ಒಳಗನ್ನು ಸವರಿ ನೋಡುವುದು ಅವಳ ರೂಢಿ. ನಾಲ್ಕಕ್ಕೆ ಹಾಕಿದಳು. ನಾಲ್ಕರಲ್ಲೂ ಮೆರುಗಿನ ಕೆಳಗೆ ಅವಳ ಬೆರಳ ಗೆರೆಗಳೇ ಕೂತಿದ್ದವು. ಐದನೆಯದು ಹೇರಿನಳ ಮುದ್ದಿನ ಭರಣಿ. ಒಂದು ಪಕ್ಕಕ್ಕೆ ವಾಲಿದಂತಿದ್ದ ಅದನ್ನು ನೋಡಿ ಬ್ರಸೆಲ್ಸ್‌ನವರು 'ಹೊಸ ದಾರಿ' ಎಂದು ಕೊಂಡಾಡಿ, ಪ್ರದರ್ಶನದ ಪುಸ್ತಕದ ಮುಖಪುಟಕ್ಕೇ ಹಾಕಿದ್ದರು. ಅದನ್ನು ಯಾವಾಗ ಮಾಡಿದಿರಿ ಎಂದು ಮಾಲ್ಸುನ್ ಕೇಳಿದ್ದಕ್ಕೆ ದೊಕ್‌ಮಾನ್, "ಹೋದ ವರ್ಷದ್ದೇ ಕಣೇ, ನೀನೇ ಸವರಿದ್ದು, ಮರೆತೆಯಾ?" ಎಂದಿದ್ದ.

ಮಾಲ್ಸುನ್ ಅದರೊಳಗೆ ಕೈ ಇಳಿಸಿದಳು. ಬೆಸುಗೆಯ ಮೇಲೆ ಬೆರಳಿಟ್ಟಳು.

ಅದು ಅವಳ ಕೈಯಲ್ಲ.

ಚಳಿಗಾಲಕ್ಕೆ ಮುಂಚೆ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬುಸಾನ್‌ಗೆ ಹೋಗಿ ಕೂತಿದ್ದು ನೆನಪಾಯಿತು. ತಾನಲ್ಲಿ ಬಾಣಂತಿಗೆ ಕಡಲಪಾಚಿಯ ಸಾರು ಕುದಿಸುತ್ತಿದ್ದರೆ ಇಲ್ಲಿ ಇನ್ನೊಬ್ಬಳು ಬಂದು ಭರಣಿಗೆ ಕೈ ಹಾಕಿದ್ದಾಳೆ. ಹಾಸಿಗೆಗೆ ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಸವತಿಯ ಕೈ, ತನ್ನ ಜಾಗದಲ್ಲಿ! ಅದಕ್ಕೇ ಅದು ಮುಖಪುಟಕ್ಕೆ ಹೋಯಿತು.

"ಎಲ್ಲರೂ ಪಿಲ್ಸುಕ್ ಅಂಗಡೀಲಿ ಊಟ ಮಾಡ್ಕೊಂಡು ಬನ್ನಿ" ಎಂದು ಸಾಗಣೆಯವರನ್ನು ಕಳಿಸಿದಳು. "ಹೇರಿನ್, ನೀನು ನಿಲ್ಲು. ರೀ, ನೀವೂ."

ಸುಡುವ ಆವಿಗೆಯ ಗೂಡು ತೆರೆದ ದಿನ ಮನಸ್ಸಿಗೆ ಬಾರದ ಭರಣಿಗಳನ್ನು ಒಡೆಯುವ ಸುತ್ತಿಗೆ ಬಾಗಿಲ ಹಿಂದೆಯೇ ಇತ್ತು. ಅದನ್ನು ಎತ್ತಿಕೊಂಡಳು.

"ಯಾರ ಕೈ ಇದು?"

ದೊಕ್‌ಮಾನನ ಮುಖ ಬಿಳಿಚಿತು. "ಏನಾಯ್ತೇ ನಿಂಗೆ? ಕೆಳಗಿಡು ಅದನ್ನ."

"ನಾನು ಕೇಳಿದ್ದಕ್ಕೆ ಹೇಳಿ. ಇವಳದ್ದಾ? ಎರಡು ಕೈಲಿ ಹೆಂಡ ಬಗ್ಗಿಸಿ ಕೊಡೋವಾಗಲೇ ನಂಗೆ ಗೊತ್ತಾಯ್ತು. ಹೇಳದೆ ಹೋದ್ರೆ ಈಗಲೇ ಒಡೀತೀನಿ. ಬ್ರಸೆಲ್ಸ್‌ನೋರು ಬಂದು ಚೂರು ಆರಿಸ್ಕೊಳ್ಳಲಿ."

"ಅಮ್ಮಾ, ದೇವರಾಣೆ ನಾನಲ್ಲ" ಎಂದು ಹೇರಿನ್ ಕಣ್ಣು ತುಂಬಿಕೊಂಡಳು. ತುಂಬಿಕೊಳ್ಳುತ್ತ ತನ್ನೆರಡು ಅಂಗೈಗಳನ್ನೂ ಮುಂದೆ ಚಾಚಿದಳು. ಸಣ್ಣ ಕೈಗಳು, ಕಡ್ಡಿಯಂಥ ಬೆರಳು.

ಮಾಲ್ಸುನ್ ಅವನ್ನು ನೋಡಿದಳು. ಸುತ್ತಿಗೆಯನ್ನು ಕಂಕುಳಲ್ಲಿ ಒತ್ತಿಕೊಂಡು ಮತ್ತೆ ಭರಣಿಯೊಳಗೆ ತೋಳಿಳಿಸಿದಳು. ಸಿಟ್ಟಿನಲ್ಲಿ ಮೊದಲ ಸಲ ಸರಿಯಾಗಿ ನೋಡಿಯೇ ಇರಲಿಲ್ಲ. ಈ ಗೆರೆಗಳು ಅಗಲವಾಗಿದ್ದವು, ಗಂಡಸಿನ ಬೆರಳಿನಷ್ಟು. ಮಾಲ್ಸುನಳ ಬೆರಳು ಹೋಗುವ ದಿಕ್ಕಿಗೆ ತಿರುವುಮುರುವಾಗಿ ಓಡಿದ್ದವು. ಎಡಗೈಯವನು ಎಳೆದ ಹಾಗೆ. ಅಷ್ಟೇ ಅಲ್ಲ, ಭರಣಿಯ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದೊಕ್‌ಮಾನನ ತಿಗರಿಯಲ್ಲಿ ಇಂಥದ್ದು ಹುಟ್ಟಿದರೆ ಅವನೇ ಒಡೆದು ಎಸೆಯುತ್ತಿದ್ದ. ನಡುನಡುವೆ ಹೆಬ್ಬೆರಳು ಊರಿ ನಿಂತು ಸುಧಾರಿಸಿಕೊಂಡ ಕುಳಿಗಳಿದ್ದವು. ಅವು ಸಿಕ್ಕಾಪಟ್ಟೆ ಅಗಲ. ಅಂಥ ಹೆಬ್ಬೆರಳು ಈ ಊರಿನಲ್ಲಿ ಒಬ್ಬನಿಗೇ ಇದ್ದದ್ದು.

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಅವನ ಬಲಗೈ ಜೇಬಿನಲ್ಲಿತ್ತು.

"ರೀ, ಆ ಕೈ ಹೊರಗೆ ತೆಗೀರಿ."

ಅವನು ತೆಗೆಯಲಿಲ್ಲ. ಅವಳೇ ಹೋಗಿ ಮಣಿಕಟ್ಟು ಹಿಡಿದು ಹೊರಗೆಳೆದು ಸುತ್ತಿಗೆಯ ಹಿಡಿಯನ್ನು ಅಂಗೈಗೆ ಒತ್ತಿದಳು. "ಹಿಡ್ಕೊಳ್ಳಿ."

ಬೆರಳುಗಳು ಮಡಚಲು ನೋಡಿದವು, ಅರ್ಧಕ್ಕೆ ನಿಂತವು. ಸುತ್ತಿಗೆ ನೆಲಕ್ಕೆ ಬಿತ್ತು.

ಹೇರಿನ್ ಮೆಲ್ಲಗೆ ಹೇಳಿದಳು: "ನೀವು ಬುಸಾನ್‌ನಲ್ಲಿದ್ದಾಗ ಆಗಿದ್ದಮ್ಮಾ, ಸಣ್ಣ ಲಕ್ವ. ಪುಣ್ಯಕ್ಕೆ ಅವತ್ತು ನಾನು ಬಂದಿದ್ದೆ. ದೇಗುನ ಆಸ್ಪತ್ರೇಲಿ ಕೈಗೆ ಕಸರತ್ತು ಮಾಡಿಸ್ತಾರೆ, ಅಲ್ಲಿಗೇ ಹೋಗ್ತಿದ್ದಿದ್ದು. ನಿಮಗೆ ಹೇಳಿ ಅಂತ ಎಷ್ಟು ಸಲ ಅಂದೆ."

ಎರಡು ಕೈಯಲ್ಲಿ ಕೆಟಲು, ಮುಟ್ಟದ ಮೀನು, ಕೆಟ್ಟಿಲ್ಲದ ಕ್ಲಚ್ಚು. ಎಲ್ಲ ಅವಳ ಕಣ್ಣೆದುರೇ ಇತ್ತು. ಅವಳು ಹುಡುಕಿದ್ದು ಮಾತ್ರ ಇನ್ನೊಂದು ಹೆಣ್ಣನ್ನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

"ಇವಳಿಗೆ ಗೊತ್ತು. ಡಾಕ್ಟರಿಗೆ ಗೊತ್ತು. ನಾನೊಬ್ಬಳು ಬೇರೆಯೋಳಾದ್ನಾ?"

ದೊಕ್‌ಮಾನ್ ಬಿದ್ದ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿ ಬಾಗಿಲ ಹಿಂದೆ ಇಟ್ಟ. "ಕೈ ಹೋಯ್ತು ಅಂತ ಡಾಕ್ಟರು ಹೇಳಿದ್ರು, ನಾನು ನಂಬಲಿಲ್ಲ. ಎಡಗೈಲಿ ಒಂದು ಮಾಡಿ ನೋಡೇಬಿಡೋಣ ಅಂತ ಕೂತೆ. ಒಳಗೆ ಸವರೋಕೆ ನಿನ್ನ ಊರಿಂದ ಕರೆಸಿದ್ರೆ, ಕೈ ಇಟ್ಟ ಕೂಡಲೆ ನಿನ್ನ ಮುಖ ಬಾಡ್ತಿತ್ತು. ಆಮೇಲೆ ನಂಬಲೇಬೇಕಾಗ್ತಿತ್ತಲ್ಲ, ಅದಕ್ಕೆ ಹೆದರಿದೆ."

ಊಟ ಮುಗಿಸಿ ಬಂದ ಸಾಗಣೆಯವರು ಐದನೆಯದನ್ನು ಏನು ಮಾಡುವುದೆಂದು ಕೇಳಿದಾಗ, "ಹುಲ್ಲು ಜಾಸ್ತಿ ಹಾಕಿ, ಅದರ ಗೋಡೆ ಒಂದು ಕಡೆ ತೆಳು" ಎಂದಷ್ಟೇ ಮಾಲ್ಸುನ್ ಹೇಳಿದಳು.

ಸಂಜೆ ಊಟಕ್ಕಿಟ್ಟಳು. ಮಗಳು ಚಿಕ್ಕವಳಿದ್ದಾಗ ಎಡಗೈಯಲ್ಲಿ ಚಮಚ ಹಿಡಿದರೆ ಮನೆಯ ಸಿರಿ ಹೋಗುತ್ತದೆಂದು ಗೆಣ್ಣಿನ ಮೇಲೆ ಹೊಡೆದು ಬಿಡಿಸಿದ್ದವಳು ಇದೇ ಮಾಲ್ಸುನ್. ಮೀನಿನ ಮುಳ್ಳು ಬಿಡಿಸಿ ಅನ್ನದ ಮೇಲಿಟ್ಟಳು. ಸಾರಿನ ಬಟ್ಟಲಿಟ್ಟಳು. ಚಮಚವನ್ನು ಅವನ ಎಡಗಡೆಗೆ ಇಟ್ಟಳು.

ಅವನು ಚಮಚ ನೋಡಿದ, ಅವಳನ್ನು ನೋಡಿದ. "ಯಾರಾದ್ರೂ ಬಂದ್ರೆ?"

"ಬರಲಿ. ಚೆಲ್ಲಿದ್ರೆ ಒರೆಸೋಕೆ ನಾನಿದೀನಿ. ಆದ್ರೆ ಒಂದು ಮಾತು, ಇನ್ನೊಂದು ಸಲ ನನ್ನ ಬಿಟ್ಟು ಭರಣಿ ಒಳಗೆ ಕೈ ಹಾಕಿದ್ರೆ, ಸುತ್ತಿಗೆ ಬಾಗಿಲ ಹಿಂದೆನೇ ಇದೆ."

ದೊಕ್‌ಮಾನ್ ಎಡಗೈಯಲ್ಲಿ ಚಮಚ ಎತ್ತಿದ. ಅರ್ಧ ಸಾರು ಅಂಗಿಯ ಮೇಲೆ ಬಿತ್ತು. ಮಾಲ್ಸುನ್ ಬಟ್ಟೆ ಎತ್ತಿಕೊಂಡಳು, ಒರೆಸಲಿಲ್ಲ. ಅವನು ಎರಡನೆಯ ಚಮಚ ಎತ್ತುವುದನ್ನು ನೋಡುತ್ತ ಕೂತಳು.