ಲಿಫ್ಟಣ್ಣ ಬಾಗಿಲೆಳೆಯದ ಬೆಳಿಗ್ಗೆ

ಲಿಫ್ಟಣ್ಣ ಬೀದಿಯಲ್ಲಿ ನಡೆಯುವುದನ್ನು ಮೊದಲ ಸಲ ಕಂಡವರಿಗೆ ನಗು ಬರುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು, ಎದುರಿಗೆ ಕಾಣದ ಗೋಡೆಯೊಂದಿದೆಯೆಂಬಂತೆ ತುಸು ತಡೆದು, ಮತ್ತೆ ನಾಲ್ಕು ಹೆಜ್ಜೆ ಇಡುತ್ತಿದ್ದರು. ಆಸ್ಪತ್ರೆಯ ಹಳೆಯ ಲಿಫ್ಟಿನಲ್ಲಿ, ರೋಗಿಯ ಮಂಚ ಒಳಬಂದರೆ ಮನುಷ್ಯನಿಗೆ ಮೂಲೆಯಷ್ಟೇ ಉಳಿಯುವ ಆ ಪೆಟ್ಟಿಗೆಯಲ್ಲಿ, ಇಪ್ಪತ್ತಾರು ವರ್ಷ ನಿಂತೇ ಸವೆದ ಕಾಲುಗಳಿಗೆ ವಿಶಾಲವಾದ ರಸ್ತೆಯ ಮೇಲೆ ನಂಬಿಕೆಯೇ ಇರಲಿಲ್ಲ. ಮೈಮೇಲೆ ಸದಾ ಅದೇ ಖಾಕಿ ಕೋಟು. ಐದು ಹಿತ್ತಾಳೆ ಗುಂಡಿಗಳಲ್ಲಿ ಒಂದು ಉದುರಿಹೋಗಿ, ಅದರ ಜಾಗದಲ್ಲಿ ಮಗಳ ಹಳೆಯ ಫ್ರಾಕಿನ ಕೆಂಪು ಗುಂಡಿ ಕೂತಿತ್ತು. ಎಲ್ಲರೂ ಲಿಫ್ಟಿನಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತರೆ, ಇವರು ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ಬಂದವರ ಮುಖ ನೋಡುತ್ತಾ ನಿಲ್ಲುವರು. "ಮುಖ ನೋಡ್ದೆ ಮೇಲಕ್ಕೆ ಕರ್ಕೊಂಡು ಹೋಗೋಕೆ ಅವ್ರೇನು ಮೂಟೇನಾ? ಹೌದೋ ಅಲ್ವೋ?" ಮಾತಿಗೆಲ್ಲ ಇದೇ ಬಾಲ. ಉತ್ತರಕ್ಕೆ ಕಾಯುವ ಅಭ್ಯಾಸವಿರಲಿಲ್ಲ.

ಮಹಾಮಾರಿ ಬಂದು ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಲಿಫ್ಟಣ್ಣನಿಗೆ ಆ ಭಾಗ್ಯವಿರಲಿಲ್ಲ. ಉಸಿರಿಗೆ ತಡಕಾಡುವವರನ್ನು ಮೇಲಕ್ಕೆ, ಉಸಿರು ನಿಂತವರನ್ನು ಕೆಳಕ್ಕೆ, ದಿನವಿಡೀ ಅದೇ ಕೆಲಸ. ಸಂಜೆ ಜನ ಬಾಲ್ಕನಿಗಳಲ್ಲಿ ನಿಂತು ಆಸ್ಪತ್ರೆಯವರ ಗೌರವಕ್ಕೆಂದು ಚಪ್ಪಾಳೆ ತಟ್ಟುತ್ತಿದ್ದರು. ಇವರು ಬೀದಿ ತಿರುವಿನಲ್ಲಿ ಕಾಣಿಸಿದೊಡನೆ ಅವೇ ಕೈಗಳು ಕಿಟಕಿ ಮುಚ್ಚುತ್ತಿದ್ದವು. ವಠಾರದ ಮನೆಯೊಡತಿ ಮಾತಿನಲ್ಲಿ ಬೆಣ್ಣೆ ಸವರಿಯೇ ಹೇಳಿದ್ದಳು: "ನಿಮ್ಮ ಮೇಲೆ ಬಹಳ ಗೌರವ ಇದೆ ಅಣ್ಣಾ. ಆದ್ರೆ ನಲ್ಲಿ ಮಾತ್ರ ಮುಟ್ಬೇಡಿ."

ಆಸ್ಪತ್ರೆಯ ಗೇಟಿನ ಹೊರಗೆ ದಿನವೂ ಒಂದು ಗುಂಪು. ಅದರ ಮುಂದಾಳು ಬಟ್ಟೆ ಅಂಗಡಿಯ ಯಜಮಾನ, ಆಸ್ಪತ್ರೆ ಮ್ಯಾನೇಜರನ ಖಾಸಾ ಭಾವಮೈದ. ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು, "ರೋಗವೂ ಇಲ್ಲ, ಗೀಗವೂ ಇಲ್ಲ. ಅಂಗಡಿ ಮುಚ್ಸೋಕೆ ಕಟ್ಟಿದ ಕತೆ" ಎಂದು ಕೂಗುತ್ತಿದ್ದ. ಲಿಫ್ಟಣ್ಣ ಆಗ ಅವನನ್ನು ಬೈಯಲಿಲ್ಲ. "ಹೊಟ್ಟೆ ಮೇಲೆ ಹೊಡೆದ್ರೆ ಯಾರಾದ್ರೂ ಕೂಗ್ತಾರೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು.

ಲಸಿಕೆ ಬರುತ್ತದೆಂದು ಗೊತ್ತಾದಾಗ ಬಾಯಿಗೊಂದು ಮಾತು. ಎರಡನೇ ಮಹಡಿಯ ವಾರ್ಡು ಒರೆಸುವ ದೊಡ್ಡಕ್ಕ ಹೆದರಿದ್ದಳು. ದಿಕ್ಕಿಲ್ಲದೆ ಸತ್ತವರ ಕಣ್ಣು ಮುಚ್ಚಿಸುವಾಗ ಹೆದರದವಳು ಸೂಜಿಗೆ ಹೆದರಿದ್ದಳು. "ಹಾಕಿಸ್ಕೊಂಡ್ರೆ ಎರಡೇ ವರ್ಷ ಅಂತೆ. ಅಳಿಯ ಬೇಡ ಅಂತಾನೆ" ಎಂದಳು. ನೆಲದಿಂದ ಎರಡನೇ ಮಹಡಿಗೆ ಹೋಗುವಷ್ಟರಲ್ಲಿ ಎಷ್ಟು ಮಾತಾಡಬಹುದೋ ಅಷ್ಟನ್ನು ಲಿಫ್ಟಣ್ಣ ಹತ್ತು ದಿನ ಆಡಿದರು. ಹನ್ನೊಂದನೆಯ ದಿನ ಅವಳು, "ಆಯ್ತು, ನಿನ್ನ ಮಾತಿಗೆ ಬರ್ತೀನಿ" ಎಂದಳು.

ಮೊದಲ ವಾರದ ಲಸಿಕೆ ವಾರ್ಡುಗಳಲ್ಲಿ ದುಡಿಯುವವರಿಗೆ ಮಾತ್ರ ಎಂದು ಗೋಡೆಯ ಮೇಲೆ ಚೀಟಿ ಬಿತ್ತು. ಹಾಕುವುದು ನಾಲ್ಕನೇ ಮಹಡಿಯಲ್ಲಿ. ಲಸಿಕೆ ಶುರುವಾದ ಬೆಳಿಗ್ಗೆ ಮೂರು ಸಲ ಲಿಫ್ಟು ತುಂಬಿ ಮೇಲಕ್ಕೆ ಹೋಯಿತು. ಇಸ್ತ್ರಿ ಮುರಿಯದ ಅಂಗಿಗಳು, ಅತ್ತರಿನ ವಾಸನೆ, ಯಾವ ವಾರ್ಡಿನಲ್ಲೂ ಎಂದೂ ಕಾಣದ ಮುಖಗಳು. ಲಿಫ್ಟಣ್ಣ ಒಂದೊಂದೇ ಮುಖ ನೋಡಿ ಎಣಿಸಿಕೊಂಡರು. ನಾಲ್ಕನೆಯ ಸಲ ಇಬ್ಬರನ್ನು ಹಿಂದಿಟ್ಟುಕೊಂಡು ಒಳಬಂದವನು ಬಟ್ಟೆ ಅಂಗಡಿಯ ಯಜಮಾನ. ಈಗ ಮಾಸ್ಕು ಮೂಗಿನ ಮೇಲೆಯೇ ಇತ್ತು.

ಲಿಫ್ಟಣ್ಣ ಬಾಗಿಲೆಳೆಯಲಿಲ್ಲ. "ಯಾವ ವಾರ್ಡು ಸ್ವಾಮಿ ನಿಮ್ದು?"

"ಮ್ಯಾನೇಜರು ನಮ್ಮ ಭಾವ. ಹೆಸರು ಬರ್ಸಿದಾರೆ. ಬಾಗಿಲು ಎಳಿ."

"ಇಲ್ಲದ ರೋಗಕ್ಕೆ ಮದ್ದು ಯಾಕೆ ಸ್ವಾಮಿ?"

"ನೀನು ಲಿಫ್ಟು ಓಡಿಸೋನು. ಅಷ್ಟೇ ನೋಡ್ಕೋ."

"ಅಷ್ಟೇ ನೋಡ್ಕೊಂಡು ಓಡಿಸ್ದೆ ನಿಂತಿದೀನಿ."

ಆ ಮೂವರೂ ಗೊಣಗುತ್ತಾ ಮೆಟ್ಟಿಲು ಹತ್ತಿದರು. ಹತ್ತಿ, ತೋಳು ಚಾಚಿ ಚುಚ್ಚಿಸಿಕೊಂಡೇ ಬಂದರು. ಮಧ್ಯಾಹ್ನ ವಾರ್ಡು ಒರೆಸಿ ಮುಗಿಸಿ, ಕೈ ತೊಳೆದು, ಒಗೆದ ಸೀರೆಯುಟ್ಟು ದೊಡ್ಡಕ್ಕ ಮೇಲೆ ಹೋದಾಗ ಲಸಿಕೆಯ ಡಬ್ಬಿ ಖಾಲಿಯಾಗಿತ್ತು. "ಇವತ್ತಿಗೆ ಮುಗೀತು ದೊಡ್ಡಕ್ಕ, ಮುಂದಿನ ವಾರ ಬಾ" ಎಂದಳು ನರ್ಸಮ್ಮ, ತಲೆ ತಗ್ಗಿಸಿಕೊಂಡು.

ಮುಂದಿನ ವಾರಕ್ಕೆ ಮೊದಲೇ ಜ್ವರ ಬಂತು. ತಾನೇ ಒರೆಸುತ್ತಿದ್ದ ವಾರ್ಡಿನಲ್ಲಿ ದೊಡ್ಡಕ್ಕ ಹತ್ತೊಂಬತ್ತು ದಿನ ಮಲಗಿದಳು. ಬದುಕಿದಳು, ನಿಜ, ಆದರೆ ಒರೆಸುಕೋಲು ನೂಕುವಷ್ಟು ಉಸಿರು ಮರಳಲಿಲ್ಲ. ಗುತ್ತಿಗೆದಾರ ಅವಳ ಜಾಗಕ್ಕೆ ಬೇರೊಬ್ಬಳನ್ನು ತಂದು ನಿಲ್ಲಿಸಲು ಒಂದು ದಿನವೂ ಹಿಡಿಯಲಿಲ್ಲ.

ಇತ್ತ ಮ್ಯಾನೇಜರ್, ಕೆಲಸಕ್ಕೆ ಅಡ್ಡಿ ಮಾಡಿದರೆಂದು ಲಿಫ್ಟಣ್ಣನನ್ನು ಕರೆಸಿದ. "ಕ್ಷಮೆ ಬರ್ಕೊಡು, ಇಲ್ಲಿಗೇ ಬಿಡ್ತೀನಿ." ಲಿಫ್ಟಣ್ಣ ಹಾಳೆ ಕೇಳಿ ಪಡೆದು, ನಿಂತೇ ಬರೆದರು: 'ಆ ದಿನ ವಾರ್ಡಿನವರಲ್ಲದ ಹದಿನಾಲ್ಕು ಮಂದಿ ನಾಲ್ಕನೇ ಮಹಡಿಗೆ ಹೋದರು. ಮೊದಲ ಹನ್ನೊಂದು ಮಂದಿಯನ್ನು ಕರೆದೊಯ್ದವನು ನಾನೇ. ನೋಡಿಯೂ ಸುಮ್ಮನಿದ್ದೆ. ಅದಕ್ಕೆ ದೊಡ್ಡಕ್ಕನ ಕ್ಷಮೆ ಕೇಳುತ್ತೇನೆ.'

ಆ ಹಾಳೆ ಡ್ರಾಯರಿನ ತಳ ಸೇರಿತು. ಲಿಫ್ಟಣ್ಣ ನೆಲಮಾಳಿಗೆಯ ಉಗ್ರಾಣ ಸೇರಿದರು.

ಇಂಥವರನ್ನು ನಾವು ಹಠಮಾರಿಗಳೆಂದು ಕರೆಯುತ್ತೇವೆ, ಹಾಗೆ ಕರೆದರೆ ನಮ್ಮ ನಾಚಿಕೆಗೊಂದು ಮರೆ ಸಿಗುತ್ತದೆಂದು. ಇವರ ಕೈಯಲ್ಲಿ ಅಧಿಕಾರವಿಲ್ಲ, ಬಾಯಲ್ಲಿ ಘೋಷಣೆಯಿಲ್ಲ. ಇರುವುದು ತಮ್ಮ ಪಾಲಿನ ಒಂದು ಸಣ್ಣ ಕೆಲಸ, ಮತ್ತು ಅದನ್ನು ಮಾಡಬಾರದ ಗಳಿಗೆ ಯಾವುದೆಂಬ ಅರಿವು. ಆ ಅರಿವೂ ಕೆಲವೊಮ್ಮೆ ತಡವಾಗಿ ಬರುತ್ತದೆ; ತಡವಾಯಿತೆಂದು ಒಪ್ಪಿಕೊಳ್ಳುವವರೂ ಇವರೇ, ನಾವಲ್ಲ. ಇವರಿದ್ದ ಮಾತ್ರಕ್ಕೆ ಊರು ನೆಟ್ಟಗಾಗುವುದಿಲ್ಲ. ಆದರೆ ಇಂಥವರನ್ನು ಕಣ್ಣಿಗೆ ಬೀಳದ ಕಡೆ ಕೂರಿಸಿ ನೆಮ್ಮದಿಯಾಗಿರುವ ಊರಿಗೆ, ನಾಳೆ ಯಾವ ಮದ್ದು ಬಂದರೂ, ಅದು ಮೊದಲು ಯಾರ ತೋಳಿಗೆ ಹೋಯಿತೆಂದು ಕೇಳುವ ಯೋಗ್ಯತೆ ಇರುವುದಿಲ್ಲ.