ರಾಣಿಯ ಜೋಡಿ

ಜೋಸ್ನಾಳ ತಾಳಿಸರದ ಕೊಂಡಿ ಕಡಿದಿತ್ತು. ಮಾರನೆಯ ದಿನ ಚರ್ಚಿನಲ್ಲಿ ಮಗಳ ಮೊದಲ ಕುರ್ಬಾನ, ಪರಮಪ್ರಸಾದ ಸ್ವೀಕಾರ. "ಪುತ್ತೂರಲ್ಲಿ ಬೆಸೆಸಿ ತರ್ತೇನೆ" ಎಂದು ಗಂಡ ಜಿಮ್ಮಿ ಬೆಳಿಗ್ಗೆ ಕಡಬದಿಂದ ಬಸ್ಸು ಹತ್ತಿದ್ದ. ಅಕ್ಕಸಾಲಿಗನ ಅಂಗಡಿಯ ಬಾಗಿಲವರೆಗೆ ಹೋದವನು ಒಳಗೆ ಕಾಲಿಡದೆ, ಹಿಂದಿನ ಓಣಿಯಲ್ಲಿ ಇಸ್ಪೀಟು ಆಡಿಸುವ ಅಕ್ಷಿತನ ಕೋಣೆಯ ಮೆಟ್ಟಿಲೇರಿದ.

ಫೋನಿನ ಪೋಕರ್ ಆ್ಯಪ್‌ಗಳು ಮುಚ್ಚಿದ ಮೇಲೆ ಆಟ ಈ ಕೋಣೆಗೆ ಬಂದಿತ್ತು. ಹೋದ ತಿಂಗಳು ಜಿಮ್ಮಿ ಇಲ್ಲೇ ತನ್ನ ಬೈಕ್ ಕಳೆದುಕೊಂಡಿದ್ದ. ಸರ್ವಿಸಿಗೆ ಬಿಟ್ಟಿದ್ದೇನೆಂದು ಮನೆಯಲ್ಲಿ ಹೇಳಿದ ಸುಳ್ಳು ಇನ್ನು ನಡೆಯುವಂತಿರಲಿಲ್ಲ. ಒಂದೇ ಒಂದು ಸಲ ಗೆದ್ದರೆ ಸಾಕು, ಬೈಕೂ ಸಿಗುತ್ತದೆ, ಸರವೂ ಉಳಿಯುತ್ತದೆ ಎಂದುಕೊಂಡು ಸರವನ್ನು ಅಕ್ಷಿತನ ಕೈಗಿಟ್ಟು, ಪಣಕ್ಕೆ ಹಣದ ಬದಲು ಇಡುವ ಬಿಲ್ಲೆ ತೆಗೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಬಿಲ್ಲೆಗಳು ಒಂದು ಮುಷ್ಟಿಯಷ್ಟೇ ಉಳಿದಿದ್ದವು. ಒಮ್ಮೆ ಒಳ್ಳೆಯ ಜೋಡಿಯೇ ಬಿದ್ದಿತ್ತು. ಎದುರಿದ್ದ ಮರದ ವ್ಯಾಪಾರಿ ಸಂಕಪ್ಪ ಪಣ ಏರಿಸಿದಾಗ ಜಿಮ್ಮಿ ಹೆದರಿ ಎಲೆ ಕೆಳಗಿಟ್ಟಿದ್ದ. ಆಮೇಲೆ ಪ್ರತಿ ಸುತ್ತಿನ ಕಡ್ಡಾಯದ ಪಣವೇ ಅವನ ಬಿಲ್ಲೆಗಳನ್ನು ಕರಗಿಸುತ್ತಾ ಬಂತು.

ಜೋಸ್ನಾಳ ಫೋನು ಬಂತು. "ಇಚ್ಚಾಯ," ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ, "ಸರದ ಕೆಲಸ ಮುಗೀತಾ?"

"ಸ್ವಲ್ಪ ಉಂಟು" ಎಂದ.

ಹೊಸ ಎಲೆ ಬಂತು. ಕೈಯಲ್ಲಿ ರಾಣಿ, ಗುಲಾಮ. ಎಲ್ಲರಿಗೂ ಸೇರಿದ ಎಲೆಗಳಾಗಿ ಮೇಜಿನ ಮೇಲೆ ಮೊದಲು ಮೂರು ತೆರೆದವು: ರಾಣಿ, ಎಂಟು, ಮೂರು. ಮೇಜಿನ ಮೇಲಿನವುಗಳಲ್ಲಿ ದೊಡ್ಡದಾದ ರಾಣಿಯ ಜೊತೆ ಅವನ ರಾಣಿ ಜೋಡಿ ಆಗಿತ್ತು.

ಸಂಕಪ್ಪ ಬಿಲ್ಲೆಗಳನ್ನು ಮುಂದೆ ತಳ್ಳಿದ. "ಎಂತ ಮಾಡುದು ಮಾರಾಯ? ಹೋಗುದಾ, ನಿಲ್ಲುದಾ?"

ರಾಶಿ ಬಿಲ್ಲೆ ಇದ್ದವನು ಈ ಜೋಡಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬಹುದು. ಮುಷ್ಟಿ ಬಿಲ್ಲೆಯವನಿಗೆ ಮುಂದಿನದು ಎಂಬುದೇ ಇಲ್ಲ. ಇದು ಜಿಮ್ಮಿಗೆ ಚೆನ್ನಾಗಿ ಗೊತ್ತಿತ್ತು.

"ಪೂರ್ತಿ" ಎಂದು ಇದ್ದುದನ್ನೆಲ್ಲ ನೂಕಿದ.

ಸಂಕಪ್ಪನೂ ಅಷ್ಟೇ ಪಣವಿಟ್ಟು ತನ್ನ ಎಲೆ ತಿರುಗಿಸಿದ. ರಾಣಿ, ಹತ್ತು. ಇಬ್ಬರದೂ ರಾಣಿಯ ಜೋಡಿಯೇ, ಆದರೆ ಹತ್ತಕ್ಕಿಂತ ಗುಲಾಮ ದೊಡ್ಡದು. ಜಿಮ್ಮಿ ಮುಂದಿದ್ದ! "ಕರ್ತಾವೇ" ಎಂದು ತುಟಿಯೊಳಗೇ ಹೇಳಿಕೊಂಡ.

ನಾಲ್ಕನೆಯ ಎಲೆ ಐದು. ಕೊನೆಯದು ಹತ್ತು.

ಸಂಕಪ್ಪನಿಗೆ ಎರಡು ಜೋಡಿ, ಜಿಮ್ಮಿಗೆ ಒಂದೇ. "ನೀನು ಆಡಿದ್ದು ಸರಿಯೇ ಮಾರಾಯ" ಎಂದು ಅವನು ಬಿಲ್ಲೆಗಳನ್ನು ಎಳೆದುಕೊಂಡ. ಆ ಸಮಾಧಾನ ಬೈಗುಳಕ್ಕಿಂತ ಕಟುವಾಗಿತ್ತು.

ಜಿಮ್ಮಿ ಮೆಟ್ಟಿಲ ಮೇಲೆ ಕುಳಿತು ಹೆಂಡತಿಗೆ ಫೋನು ಮಾಡಿದ. ಹೊಸ ಸುಳ್ಳು ಹುಡುಕಿದ, ಸಿಗಲಿಲ್ಲ. ಬೈಕಿನದು, ಸರದ್ದು, ಎಲ್ಲವನ್ನೂ ಹೇಳಿದ. "ಎಲ್ಲಿ ಆ ಜಾಗ?" ಎಂದಷ್ಟೇ ಜೋಸ್ನಾ ಕೇಳಿದಳು.

ಸಂಜೆಗೆ ಮೊದಲೇ ಬಂದಳು. ಅವನತ್ತ ನೋಡದೆ ಮೇಲೆ ಹೋಗಿ ಅಕ್ಷಿತನ ಮುಂದೆ ಕೈಚಾಚಿದಳು. "ಸರ ಕೊಡಿ."

"ಅಕ್ಕ, ಅವರೇ ಕೊಟ್ಟದ್ದು..."

"ಸರ ನನ್ನದು. ಆಡಿದ್ದು ನಾನಲ್ಲ. ಇಲ್ಲಿ ಕೊಡ್ತೀರಾ, ಪೊಲೀಸರ ಎದುರು ಕೊಡ್ತೀರಾ?"

ಅಕ್ಷಿತ ಸಂಕಪ್ಪನ ಮುಖ ನೋಡಿದ. ಸಂಕಪ್ಪ ತಲೆ ತಗ್ಗಿಸಿ ಎಲೆ ಕಲಸುತ್ತಿದ್ದ. ಅಕ್ಷಿತ ಸರವನ್ನು ತೆಗೆದು ಕೊಟ್ಟ.

ಬಸ್‌ಸ್ಟ್ಯಾಂಡಿನವರೆಗೂ ಜಿಮ್ಮಿ ಅವಳ ಹಿಂದೆಯೇ ನಡೆದ. "ಜೋಸ್ನಾ, ಇನ್ನು ಜನ್ಮದಲ್ಲಿ..."

"ಆಣೆ ಹಾಕಬೇಡಿ." ಅವಳು ತಿರುಗಿ ನಿಂತಳು. "ನಾಳೆ ಚರ್ಚಿಗೆ ಬನ್ನಿ. ಮಗುವಿಗೆ ಅಪ್ಪ ಬೇಕು. ಮನೆಗೆ ಬರುದು ಬೇಡ."

ಕಡಬದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬದಿ ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಕಡಬ, ಕಡಬ" ಎಂದು ಕೂಗುತ್ತಿದ್ದ ಕಂಡಕ್ಟರ್ ಜಿಮ್ಮಿಯನ್ನು ನೋಡಿ, "ಹತ್ತುದಿಲ್ವಾ?" ಎಂದ.

ಜಿಮ್ಮಿ ಇಲ್ಲವೆಂದು ತಲೆಯಾಡಿಸಿದ.